ಫಾರಂನ ಆ ಒಂದು ಸಾಲು: ದೇಹದ ಕಾಯಿಲೆ ನೋಡುವ ವೈದ್ಯರಿಗೆ ಬಹಿರಂಗ ಪತ್ರ

ದೇಹದ ಕಾಯಿಲೆ ನೋಡುವ ಎಲ್ಲ ವೈದ್ಯರಿಗೆ, ನರ್ಸ್‌ಗಳಿಗೆ ಮತ್ತು ಆಸ್ಪತ್ರೆಗಳನ್ನು ನಡೆಸುವವರಿಗೆ,

ನಮಸ್ಕಾರ.

ಮೊದಲ ಸಲ ಬಂದ ರೋಗಿಗೆ ನೀವು ಒಂದು ಫಾರಂ ಕೊಡುತ್ತೀರಿ. ಹೆಸರು, ವಯಸ್ಸು, ಫೋನ್ ನಂಬರ್, ಅಲರ್ಜಿ ಏನಾದರೂ ಇದೆಯಾ. ಇವನ್ನೆಲ್ಲ ನಾನು ಬೇಗ ಬೇಗ ತುಂಬುತ್ತೇನೆ. ಆಮೇಲೆ ಒಂದು ಸಾಲು ಬರುತ್ತದೆ: 'ಈಗ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ?' ಅಲ್ಲಿಗೆ ಬಂದಾಗ ನನ್ನ ಪೆನ್ನು ನಿಂತುಬಿಡುತ್ತದೆ. ಬರೆಯಲಾ, ಬಿಡಲಾ ಎಂದು ಯೋಚಿಸುತ್ತಾ ಕೂರುತ್ತೇನೆ. ಈ ಪತ್ರ ಆ ಒಂದು ಸಾಲಿನ ಬಗ್ಗೆ.

ನನಗೆ ಬೈಪೋಲಾರ್ ಕಾಯಿಲೆ ಇದೆ, ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ ಏರಿ, ಒಮ್ಮೆ ಆಳದ ಖಿನ್ನತೆಗೆ ಇಳಿಯುವ ಕಾಯಿಲೆ. ಅದನ್ನು ಹತೋಟಿಯಲ್ಲಿಡಲು 19 ವರ್ಷಗಳಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಎರಡು ಸಲ ಮಾನಸಿಕ ಆಸ್ಪತ್ರೆಗೆ ಸೇರಿದ್ದೇನೆ. ಯಾರಿಗೂ ಕೇಳಿಸದ ದನಿ ನನಗೆ ಕೇಳಿಸಿದೆ. ನಾಲ್ಕು ರಾತ್ರಿ ಕಣ್ಣು ಮುಚ್ಚದೆ ಓಡಾಡಿದ್ದೇನೆ. ಆಮೇಲೆ ಎಷ್ಟೋ ವರ್ಷ ಚೆನ್ನಾಗಿಯೂ ಇದ್ದೇನೆ, ಈಗಲೂ ಇದ್ದೇನೆ. ನನ್ನ ಮನೋವೈದ್ಯರ ಮೇಲೆ ನನಗೆ ಯಾವ ದೂರೂ ಇಲ್ಲ. ನಾನು ಹೇಳಬೇಕಾದ್ದು ನನ್ನ ಹೊಟ್ಟೆ, ಮಂಡಿ, ಕಿಡ್ನಿಗಳ ವಿಷಯ. ಅದಕ್ಕೇ ಈ ಪತ್ರ ನಿಮಗೆ.

ಕೆಲವು ವರ್ಷಗಳ ಹಿಂದೆ ನನಗೆ ಊಟವಾದ ಮೇಲೆ ಹೊಟ್ಟೆಯ ಬಲಗಡೆ ಮೇಲ್ಭಾಗದಲ್ಲಿ ನೋವು ಬರತೊಡಗಿತು. ಆಸ್ಪತ್ರೆಗೆ ಹೋದೆ. ವೈದ್ಯರು ಮೊದಲು ಚೆನ್ನಾಗಿಯೇ ಕೇಳಿದರು. ಎಲ್ಲಿ ನೋವು, ಯಾವಾಗ ಬರುತ್ತದೆ, ಬೆನ್ನಿಗೆ ಹರಡುತ್ತದೆಯಾ ಎಂದರು. ಆಮೇಲೆ ಅವರ ಕಣ್ಣು ಫಾರಂನ ಆ ಸಾಲಿನ ಮೇಲೆ ಬಿತ್ತು. ಅಲ್ಲಿಂದ ಪ್ರಶ್ನೆಗಳು ಬದಲಾದವು. ನಿದ್ದೆ ಸರಿಯಾಗಿ ಬರುತ್ತಾ? ಮನೆಯಲ್ಲಿ ಏನಾದರೂ ಟೆನ್ಷನ್ ಇದೆಯಾ? ಮಾತ್ರೆ ಬಿಟ್ಟಿಲ್ಲ ತಾನೇ? ಕೊನೆಗೆ ನನ್ನನ್ನು ಬಿಟ್ಟು, ಪಕ್ಕದಲ್ಲಿ ಕೂತಿದ್ದ ನನ್ನ ತಮ್ಮನ ಕಡೆ ತಿರುಗಿ, "ಇವರಿಗೆ ಮೊದಲಿನಿಂದಲೂ ಹೀಗೆ ಏನೇನೋ ಅನ್ನಿಸುತ್ತಾ?" ಎಂದು ಕೇಳಿದರು. ಹೊಟ್ಟೆಯನ್ನು ಒಮ್ಮೆಯೂ ಮುಟ್ಟಿ ನೋಡಲಿಲ್ಲ. ಗ್ಯಾಸ್ ಮಾತ್ರೆ ಬರೆದುಕೊಟ್ಟು, ಮನೋವೈದ್ಯರನ್ನು ಕಾಣಿ ಎಂದು ಕಳಿಸಿದರು.

ಎರಡು ತಿಂಗಳು ಆ ನೋವಿನ ಜೊತೆ ಇದ್ದೆ. ನಿಜ ಹೇಳಬೇಕೆಂದರೆ, ನನಗೇ ನನ್ನ ಮೇಲೆ ಅನುಮಾನ ಬಂತು. ಒಮ್ಮೆ ಇಲ್ಲದ್ದನ್ನು ಕೇಳಿಸಿಕೊಂಡವರಿಗೆ ಈ ಅನುಮಾನ ಯಾವಾಗಲೂ ಬಾಗಿಲಲ್ಲೇ ಕಾಯುತ್ತಿರುತ್ತದೆ. ಈ ನೋವೂ ನನ್ನ ತಲೆಯೊಳಗಿನದ್ದೇ ಇರಬಹುದಾ ಎಂದುಕೊಂಡೆ. ಆಮೇಲೆ ಇನ್ನೊಂದು ಆಸ್ಪತ್ರೆಗೆ ಹೋದೆ. ಅಲ್ಲಿ ಆ ಸಾಲನ್ನು ಖಾಲಿ ಬಿಟ್ಟೆ. ಅವತ್ತೇ ಸ್ಕ್ಯಾನ್ ಆಯಿತು. ಪಿತ್ತಕೋಶದಲ್ಲಿ ಕಲ್ಲುಗಳಿದ್ದವು.

ಆ ದಿನ ನಾನು ಒಂದು ಪಾಠ ಕಲಿತೆ. ಹೇಳಬಾರದು. ಹೇಳದಿದ್ದರೆ ನನ್ನನ್ನು ನಂಬುತ್ತಾರೆ.

ಆ ಪಾಠ ನನ್ನ ಪ್ರಾಣಕ್ಕೇ ಬಂದಿತ್ತು. ಒಂದು ವರ್ಷವಾದ ಮೇಲೆ ಮಂಡಿ ಉಳುಕಿ ಬಾತುಕೊಂಡಿತು. ಹೊಸ ಕ್ಲಿನಿಕ್, ಅದೇ ಫಾರಂ. ಈ ಸಲವೂ ಆ ಸಾಲು ಖಾಲಿ ಬಿಟ್ಟೆ. ಮಂಡಿ ತೋರಿಸಲು ಬಂದಿದ್ದೇನೆ, ಅದೆಲ್ಲ ಯಾಕೆ ಅಲ್ವಾ? ವೈದ್ಯರು ಐಬುಪ್ರೊಫೆನ್ ಬರೆದುಕೊಟ್ಟರು. ದಿನಕ್ಕೆ ಮೂರು ಮಾತ್ರೆ. ಲಿಥಿಯಂ ತೆಗೆದುಕೊಳ್ಳುವವರು ಆ ಗುಂಪಿನ ನೋವಿನ ಮಾತ್ರೆಗಳನ್ನು ಸುಮ್ನೆ ನುಂಗಬಾರದು. ಲಿಥಿಯಂ ನಮ್ಮ ದೇಹದಿಂದ ಹೊರಗೆ ಹೋಗುವುದು ಹೆಚ್ಚುಕಮ್ಮಿ ಪೂರ್ತಿ ಕಿಡ್ನಿಯ ಮೂಲಕವೇ. ಈ ಮಾತ್ರೆಗಳು ಆ ದಾರಿಯನ್ನು ಇಕ್ಕಟ್ಟು ಮಾಡುತ್ತವೆ. ಲಿಥಿಯಂ ರಕ್ತದಲ್ಲೇ ಸೇರುತ್ತಾ ಹೋಗುತ್ತದೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಹೀಗೇ ಮಾಡುತ್ತವೆ. ಸಾಮಾನ್ಯವಾಗಿ ರಕ್ತದಲ್ಲಿ ಒಂದು ಲೀಟರ್‌ಗೆ 0.6ರಿಂದ 1.0 ಮಿಲಿಮೋಲ್‌ನಷ್ಟು ಲಿಥಿಯಂ ಇರುವ ಹಾಗೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ಅದು ವಿಷದ ಹಾಗೆ ಕೆಲಸ ಮಾಡಲು ಶುರು ಮಾಡಬಹುದು. ಔಷಧಿಗೂ ವಿಷಕ್ಕೂ ನಡುವೆ ಇಷ್ಟೇ ಜಾಗ.

ಐದನೇ ದಿನಕ್ಕೆ ವಾಂತಿ, ಭೇದಿ. ಕೈ ಜೋರಾಗಿ ನಡುಗುತ್ತಿತ್ತು, ಲೋಟ ಹಿಡಿಯಲು ಆಗುತ್ತಿರಲಿಲ್ಲ. ಆರನೇ ದಿನ ನಾಲಿಗೆ ತೊದಲಿತು, ನಡೆಯುವಾಗ ವಾಲಾಡಿದೆ, ಮಾತು ಎಲ್ಲೆಲ್ಲಿಗೋ ಹೋಯಿತು. ತಮ್ಮ ಎಮರ್ಜೆನ್ಸಿಗೆ ಕರೆದುಕೊಂಡು ಹೋದ. ಅವನು ಹೆದರಿ ನನ್ನ ಕಾಯಿಲೆಯ ಹೆಸರು ಹೇಳಿದ. ತಕ್ಷಣ ಅಲ್ಲಿದ್ದವರ ಮುಖದಲ್ಲಿ ಸಮಾಧಾನ ಕಂಡಿತಂತೆ. ಕಾರಣ ಸಿಕ್ಕಿತಲ್ಲ. "ಹಳೇ ಕಾಯಿಲೆ ಮತ್ತೆ ಕೆರಳಿದೆ" ಎಂದು ನನ್ನನ್ನು ಮೂಲೆಯ ಮಂಚದಲ್ಲಿ ಮಲಗಿಸಿದರು, ಮನೋವೈದ್ಯರು ಬರುವವರೆಗೆ ಕಾಯಿರಿ ಎಂದರು. ಮೂರು ಗಂಟೆ ಹಾಗೇ ಇದ್ದೆ.

ರಾತ್ರಿ ಪಾಳಿಗೆ ಬಂದ ಒಬ್ಬ ನರ್ಸ್ ನನ್ನ ತಮ್ಮನನ್ನು ಕೇಳಿದರು: "ಯಾವ ಯಾವ ಮಾತ್ರೆ ತಗೊಳ್ತಾರೆ? ಎಲ್ಲಾ ತೋರಿಸಿ." ತಮ್ಮ ಜೇಬಿನಿಂದ ಮಾತ್ರೆಗಳ ಎರಡು ಸ್ಟ್ರಿಪ್ ತೆಗೆದ. ಒಂದು ಲಿಥಿಯಂ, ಇನ್ನೊಂದು ಮಂಡಿಗೆ ಕೊಟ್ಟದ್ದು. ಅವರು ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ ವೈದ್ಯರನ್ನು ಎಬ್ಬಿಸಿದರು. ರಕ್ತ ಪರೀಕ್ಷೆಯಲ್ಲಿ ನನ್ನ ಲಿಥಿಯಂ 2 ದಾಟಿತ್ತು. ಆ ನರ್ಸ್ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಇದನ್ನು ಓದುತ್ತಿದ್ದರೆ, ನನ್ನ ಕಿಡ್ನಿ ಈಗ ಚೆನ್ನಾಗಿದೆ, ನಿಮ್ಮಿಂದ.

ಹೇಳಿದಾಗ ಹೊಟ್ಟೆನೋವು ಮನಸ್ಸಿನ ಲೆಕ್ಕಕ್ಕೆ ಹೋಯಿತು. ಹೇಳದೇ ಇದ್ದಾಗ ನೋವಿನ ಮಾತ್ರೆಯೇ ವಿಷವಾಯಿತು. ಆ ವಿಷವನ್ನೂ ಮತ್ತೆ ಮನಸ್ಸಿನ ಲೆಕ್ಕಕ್ಕೇ ಬರೆದರು. ನನ್ನಂಥವರು ನಿಮ್ಮ ಬಾಗಿಲಿಗೆ ಬರುವಾಗ ಮಾಡಬೇಕಾದ ಆಯ್ಕೆ ಇದು.

ಇದು ನನ್ನೊಬ್ಬನ ಕಥೆಯಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ದೇಹದ ತೊಂದರೆಯನ್ನು ಮಾನಸಿಕ ಕಾಯಿಲೆಯ ನೆರಳಿನಲ್ಲಿ ಕಾಣದೇ ಹೋಗುವುದಕ್ಕೆ ವೈದ್ಯಕೀಯದಲ್ಲೇ ಒಂದು ಹೆಸರಿದೆ, 'ಡಯಾಗ್ನೋಸ್ಟಿಕ್ ಓವರ್‌ಶಾಡೋಯಿಂಗ್' ಎಂದು, ನಿಮಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ, ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಇದನ್ನು ಕೇಳಿದವರು ಹೆಚ್ಚಾಗಿ ಆತ್ಮಹತ್ಯೆ ಎಂದುಕೊಳ್ಳುತ್ತಾರೆ. ಅದೂ ಇದೆ, ಅದರ ನೋವು ದೊಡ್ಡದು. ಆದರೆ ಈ ಸಾವುಗಳಲ್ಲಿ ಜಾಸ್ತಿ ಪಾಲು ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಸೋಂಕು, ಇಂಥವುಗಳಿಂದ. ಅಂದರೆ ನೀವು ದಿನವೂ ನೋಡುವ, ದಿನವೂ ಚಿಕಿತ್ಸೆ ಕೊಡುವ ಕಾಯಿಲೆಗಳಿಂದ.

ನಮ್ಮಂಥವರು ಎಲ್ಲಿ ಚಿಕಿತ್ಸೆ ತೆಗೆದುಕೊಳ್ಳಬೇಕೆಂದು ಹೇಗೆ ತೀರ್ಮಾನ ಮಾಡುತ್ತೇವೆ ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಾವು ತೀರ್ಮಾನವನ್ನೇ ಮಾಡುವುದಿಲ್ಲ, ಯಾರೋ ಕರೆದುಕೊಂಡು ಬರುತ್ತಾರೆ ಎಂದು ತುಂಬಾ ಜನ ತಿಳಿದಿದ್ದಾರೆ. ನಾನು ಒಂದು ಗುಂಪಿಗೆ ಹೋಗುತ್ತೇನೆ. ನನ್ನ ಹಾಗೆ ಕಾಯಿಲೆ ಇರುವವರು ತಿಂಗಳಿಗೊಮ್ಮೆ ಕೂತು ಮಾತಾಡುವ ಗುಂಪು. ಅಲ್ಲಿ ಯಾರೂ ದೊಡ್ಡ ಆಸ್ಪತ್ರೆ ಯಾವುದು, ಹೆಸರುವಾಸಿ ವೈದ್ಯರು ಯಾರು ಎಂದು ಕೇಳುವುದಿಲ್ಲ. ಕೇಳುವುದು ಬೇರೆಯೇ. ಅಲ್ಲಿನ ಕೌಂಟರಿನವರು ಕಾಯಿಲೆ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರಾ? ಆ ವೈದ್ಯರು ನಮ್ಮ ಮುಖ ನೋಡಿ ಮಾತಾಡುತ್ತಾರಾ? ಪ್ರತಿ ಸಲ ಹೊಸಬರು ಇರುತ್ತಾರಾ, ಅದೇ ವೈದ್ಯರೇ ಸಿಗುತ್ತಾರಾ?

ನಮ್ಮ ಗುಂಪಿನ ಒಬ್ಬರಿಗೆ ಸ್ಕಿಜೋಫ್ರೇನಿಯಾ. ತುಂಬಾ ಜನ ಸೇರಿದ ಕಡೆ ಅವರಿಗೆ ದನಿಗಳು ಜೋರಾಗುತ್ತವೆ. ಕಾಯುವ ಹಾಲ್‌ನಲ್ಲಿ ಇಪ್ಪತ್ತು ನಿಮಿಷವಾದ ಮೇಲೆ ಎದ್ದು ಹೊರಟುಬಿಡುತ್ತಾರೆ. ನಿಮ್ಮ ರಿಜಿಸ್ಟರಿನಲ್ಲಿ ಅವರು 'ಬರಲಿಲ್ಲ' ಎಂದು ಇರುತ್ತಾರೆ. ಅವರು ಬಂದಿದ್ದರು. ಇನ್ನೊಬ್ಬರಿಗೆ ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆ ಹತ್ತಾದರೂ ಇಳಿಯುವುದಿಲ್ಲ. ಅವರಿಗೆ ಎಂಟು ಗಂಟೆಗೇ ಅಪಾಯಿಂಟ್‌ಮೆಂಟ್ ಕೊಟ್ಟು, ಎರಡು ಸಲ ತಪ್ಪಿಸಿದ್ದಕ್ಕೆ ಹೆಸರು ತೆಗೆದುಹಾಕಿದರು. ಮತ್ತೊಬ್ಬರನ್ನು ಹಿಂದೊಮ್ಮೆ ಕೈಕಾಲು ಕಟ್ಟಿ ಆಸ್ಪತ್ರೆಗೆ ಸಾಗಿಸಿದ್ದರು. ಹತ್ತು ವರ್ಷ ಆಗಿದೆ. ಈಗ ಎದೆಯಲ್ಲಿ ಗಂಟು ಕಂಡಿದೆ. ಆಸ್ಪತ್ರೆಯ ನೆಲ ಒರೆಸುವ ಔಷಧಿಯ ವಾಸನೆ ಬಂದರೆ ಅವರ ಕಾಲು ಮುಂದೆ ಹೋಗುವುದಿಲ್ಲ. ಗುಂಪಿನವರು ಇಬ್ಬರು ಕೈ ಹಿಡಿದುಕೊಂಡು ಮೂರನೇ ಪ್ರಯತ್ನದಲ್ಲಿ ಒಳಗೆ ಕರೆದುಕೊಂಡು ಹೋದರು. ಪರೀಕ್ಷೆ ಮುಗಿದಿದೆ. ಆ ಗಂಟಿನಿಂದ ತೊಂದರೆ ಇಲ್ಲವಂತೆ.

ಸ್ಕಿಜೋಫ್ರೇನಿಯಾದಲ್ಲಿ ದನಿ, ಭ್ರಮೆಗಳಷ್ಟೇ ಇರುವುದಿಲ್ಲ. ಒಂದು ಕೆಲಸ ಶುರು ಮಾಡುವ ಶಕ್ತಿಯೇ ಬತ್ತಿಹೋಗುವುದು, ಗಮನ ನಿಲ್ಲದೇ ಇರುವುದು, ನೆನಪು ಜಾರುವುದು ಇವೂ ಕಾಯಿಲೆಯ ಭಾಗ. ಫೋನ್ ಮಾಡಿ, ಒಂದನ್ನು ಒತ್ತಿ, ಮೂರನ್ನು ಒತ್ತಿ, ಕಾದು, ತಾರೀಖು ಬರೆದುಕೊಂಡು, ಆ ದಿನ ಖಾಲಿ ಹೊಟ್ಟೆಯಲ್ಲಿ ಬರುವುದು ನಿಮಗೆ ಸಣ್ಣ ಕೆಲಸ. ಕೆಲವರಿಗೆ ಅದು ಬೆಟ್ಟ ಹತ್ತಿದ ಹಾಗೆ. ಇಂಥವರನ್ನು 'ಸಹಕರಿಸದ ರೋಗಿ' ಎಂದು ಫೈಲಿನಲ್ಲಿ ಬರೆಯಬೇಡಿ. ಆ ಎರಡು ಪದ ಮುಂದಿನ ವೈದ್ಯರ ಕಣ್ಣಿಗೂ ಬೀಳುತ್ತವೆ, ಅವರ ಮುಂದಿನವರ ಕಣ್ಣಿಗೂ.

ಇನ್ನು ಮಾತ್ರೆಗಳ ವಿಷಯ. ಮನಸ್ಸನ್ನು ಹಿಡಿದು ನಿಲ್ಲಿಸುವ ಮಾತ್ರೆಗಳೇ ದೇಹವನ್ನು ಕೆಡಿಸಬಹುದು ಎಂದು ನಿಮಗೆ ಗೊತ್ತು. ಒಲಾಂಜಪಿನ್, ಕ್ಲೋಜಪಿನ್‌ನಂಥವು ತೂಕ ಏರಿಸುತ್ತವೆ, ಸಕ್ಕರೆ ಮತ್ತು ಕೊಬ್ಬು ಹೆಚ್ಚಿಸುತ್ತವೆ. 2004ರಲ್ಲೇ ಅಮೆರಿಕದ ಡಯಾಬಿಟಿಸ್ ತಜ್ಞರೂ ಮನೋವೈದ್ಯರೂ ಸೇರಿ ಇದಕ್ಕೆ ಒಂದು ಕ್ರಮ ಹೇಳಿದರು. ಮಾತ್ರೆ ಶುರುವಾಗುವಾಗ ತೂಕ, ಸೊಂಟದ ಸುತ್ತಳತೆ, ಬಿಪಿ, ಸಕ್ಕರೆ, ಕೊಬ್ಬು ನೋಡಬೇಕು. ತೂಕವನ್ನು 4, 8, 12ನೇ ವಾರ ಮತ್ತೆ ನೋಡಬೇಕು, ಬಿಪಿ ಮತ್ತು ಸಕ್ಕರೆಯನ್ನು 12ನೇ ವಾರ. ಬರೆದಿಟ್ಟು ಇಷ್ಟು ವರ್ಷವಾಯಿತು. ನಮ್ಮ ಗುಂಪಿನಲ್ಲಿ ಒಮ್ಮೆ ಕೇಳಿದೆ, ಯಾರಿಗೆಲ್ಲ ಹೀಗೆ ನೋಡಿದ್ದಾರೆ ಎಂದು. ಹದಿಮೂರು ಜನರಲ್ಲಿ ಇಬ್ಬರು ಕೈ ಎತ್ತಿದರು. ಮನೋವೈದ್ಯರು ಇದು ದೇಹದ ವೈದ್ಯರ ಕೆಲಸ ಎಂದುಕೊಳ್ಳುತ್ತಾರೆ, ನೀವು ಅವರ ಕೆಲಸ ಎಂದುಕೊಳ್ಳುತ್ತೀರಿ. ತೂಕದ ಯಂತ್ರ ಎರಡೂ ಕೋಣೆಯಲ್ಲಿ ಇರುತ್ತದೆ.

ಕ್ಲೋಜಪಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1975ರಲ್ಲಿ ಫಿನ್ಲೆಂಡ್‌ನಲ್ಲಿ ಈ ಮಾತ್ರೆ ತೆಗೆದುಕೊಂಡ ಕೆಲವರು ಬಿಳಿ ರಕ್ತಕಣ ಕುಸಿದು, ಸೋಂಕಾಗಿ ತೀರಿಕೊಂಡರು. ಆ ಸಾವುಗಳಿಂದ ಜಗತ್ತು ಪಾಠ ಕಲಿಯಿತು. ಬೇರೆ ಯಾವ ಮಾತ್ರೆಗೂ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಇದು ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೆ, ರಕ್ತ ನೋಡುತ್ತಾ ಕೊಡುವ ಕ್ರಮ ಬಂತು. ಮೊದಲು ವಾರಕ್ಕೊಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮನಸ್ಸು ಮಾಡಿದರೆ ನಮ್ಮ ದೇಹವನ್ನು ನೀವು ಎಷ್ಟು ಚೆನ್ನಾಗಿ ಕಾಯಬಲ್ಲಿರಿ ಎನ್ನುವುದಕ್ಕೆ ನನಗೆ ಇದೇ ಸಾಕ್ಷಿ. ಆದರೆ ಅದೇ ಮಾತ್ರೆ ಕರುಳಿನ ಚಲನೆಯನ್ನು ತುಂಬಾ ನಿಧಾನ ಮಾಡುತ್ತದೆ. ಮಲಬದ್ಧತೆ ಮಿತಿಮೀರಿ ಜೀವಕ್ಕೇ ಅಪಾಯ ಆಗಬಹುದು. 'ಸರಿಯಾಗಿ ಕಕ್ಕಸಿಗೆ ಹೋಗುತ್ತಿದ್ದೀರಾ?' ಎಂದು ಕೇಳಲು ಲ್ಯಾಬ್ ಬೇಕಿಲ್ಲ. ಇನ್ನೊಂದು ವಿಷಯ. ಸಿಗರೇಟು ಸೇದುವವರ ದೇಹ ಕ್ಲೋಜಪಿನ್ ಅನ್ನು ಬೇಗ ಕರಗಿಸುತ್ತದೆ. ಅದಕ್ಕೆ ಕಾರಣ ಹೊಗೆ, ನಿಕೋಟಿನ್ ಅಲ್ಲ. ಕಾಲು ಮುರಿದು ನಿಮ್ಮ ವಾರ್ಡಿಗೆ ಸೇರಿದವರು ಅಲ್ಲಿ ಸೇದಲು ಆಗದೆ ಒಮ್ಮೆಲೇ ನಿಲ್ಲಿಸಿದರೆ, ಅದೇ ಮಾತ್ರೆ, ಅದೇ ಪ್ರಮಾಣ, ಆದರೆ ರಕ್ತದಲ್ಲಿ ಮಟ್ಟ ಏರುತ್ತದೆ. ಆಗ ಅವರು ಮಂಕಾದರೆ ಅದನ್ನು 'ಹಳೇ ಕಾಯಿಲೆ' ಎಂದು ಬಿಟ್ಟುಬಿಡಬೇಡಿ. ಹೊಗೆ ನಿಂತ ಸಂಗತಿ ಮನೋವೈದ್ಯರಿಗೆ ಅದೇ ದಿನ ಗೊತ್ತಾಗಬೇಕು.

ಬೇಡ ಎನ್ನುವ ಹಕ್ಕಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬೇರೆ ರೋಗಿ ಒಂದು ಪರೀಕ್ಷೆ ಬೇಡ ಎಂದರೆ ನೀವು ಯಾಕೆ ಎಂದು ಕೇಳುತ್ತೀರಿ. ನಾನು ಬೇಡ ಎಂದರೆ ನನ್ನ ಕಾಯಿಲೆಯನ್ನು ಕಾರಣ ಮಾಡುತ್ತೀರಿ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ನಾವೂ ಕಾನೂನಿನ ಮುಂದೆ ಎಲ್ಲರಂತೆಯೇ ಎನ್ನುತ್ತದೆ. 25ನೇ ವಿಧಿ ಉಳಿದವರಿಗೆ ಸಿಗುವ ಗುಣಮಟ್ಟದ ಚಿಕಿತ್ಸೆಯೇ ನಮಗೂ ಸಿಗಬೇಕು, ಅದೂ ವಿಷಯ ತಿಳಿದು ನಾವೇ ಒಪ್ಪಿದ ಮೇಲೆ ಎನ್ನುತ್ತದೆ. ತೀವ್ರ ಮಾನಸಿಕ ಕಾಯಿಲೆಯಿಂದ ಬಹುಕಾಲ ತೊಂದರೆ ಪಡುವವರೂ ಅದರೊಳಗೆ ಬರುತ್ತಾರೆ.

ಇಲ್ಲಿ ಒಂದನ್ನು ಮುಚ್ಚಿಡಬಾರದು. ನನ್ನ ತೀರ್ಮಾನವನ್ನು ನಾನೇ ಮಾಡಲಾಗದ ದಿನಗಳು ಇದ್ದವು. ಆ ನಾಲ್ಕು ರಾತ್ರಿಗಳ ಕೊನೆಯಲ್ಲಿ ನನಗೆ ಯಾವ ಕಾಯಿಲೆಯೂ ಇಲ್ಲ, ಇಡೀ ಜಗತ್ತಿಗೇ ಕಾಯಿಲೆ ಎಂದು ನಂಬಿದ್ದೆ. ತಮ್ಮ ಆ ದಿನ ನನ್ನ ಮಾತು ಕೇಳಿ ಸುಮ್ಮನಿದ್ದಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ. ಅವನ ಮೇಲೆ ಎರಡು ವರ್ಷ ಸಿಟ್ಟಿತ್ತು. ಈಗಿಲ್ಲ. ಆದರೆ ಆ ನಾಲ್ಕು ದಿನಗಳನ್ನು ಮುಂದಿಟ್ಟುಕೊಂಡು ಉಳಿದ 19 ವರ್ಷ ನನ್ನ ಬಾಯಿ ಮುಚ್ಚಿಸುವುದು ಸರಿಯಲ್ಲ. ಅದಕ್ಕೇ ನಾನು ಹುಷಾರಾಗಿರುವಾಗಲೇ ಒಂದು ಪತ್ರ ಬರೆದಿಟ್ಟಿದ್ದೇನೆ. ಮುಂದೆ ನನಗೆ ತೀರ್ಮಾನ ಮಾಡಲು ಆಗದಿದ್ದರೆ ಯಾರನ್ನು ಕೇಳಬೇಕು, ಯಾವ ಮಾತ್ರೆ ನನಗೆ ಆಗಿಬರುತ್ತದೆ, ಯಾವುದು ಆಗಿಬರುವುದಿಲ್ಲ, ನನ್ನ ಕೈ ಕಟ್ಟುವ ಮೊದಲು ಏನೇನು ಪ್ರಯತ್ನಿಸಬೇಕು ಎಂದು ಅದರಲ್ಲಿದೆ. ಹಲವು ದೇಶಗಳಲ್ಲಿ ಇಂಥ ಮುಂಗಡ ಸೂಚನೆಗೆ ಕಾನೂನಿನ ಬಲವೂ ಇದೆ. ದಯವಿಟ್ಟು ನಿಮ್ಮ ರೋಗಿಗಳನ್ನು ಕೇಳಿ, ಇಂಥದ್ದು ಬರೆದಿದ್ದೀರಾ ಎಂದು. ಬರೆದಿದ್ದರೆ ಅದನ್ನು ಫೈಲಿನ ಮೇಲೇ ಇಡಿ, ಅಡಿಯಲ್ಲಿ ಅಲ್ಲ.

ನನ್ನ ಪಕ್ಕದವರನ್ನು ಕೇಳಬೇಡಿ ಎಂದು ನಾನು ಹೇಳುತ್ತಿಲ್ಲ. ತಮ್ಮನಿಗೆ ಗೊತ್ತಿರುವುದು ಕೆಲವು ಸಲ ನನಗೂ ಗೊತ್ತಿರುವುದಿಲ್ಲ. ಮೊದಲು ನನ್ನನ್ನು ಕೇಳಿ, ಆಮೇಲೆ ನನ್ನ ಎದುರಿಗೇ ಅವನನ್ನು ಕೇಳಿ, ಅಷ್ಟೇ. ಫಿನ್ಲೆಂಡ್‌ನ ಪಶ್ಚಿಮ ಲ್ಯಾಪ್‌ಲ್ಯಾಂಡ್‌ನಲ್ಲಿ 1980ರ ದಶಕದಲ್ಲಿ ಶುರುವಾದ ಚಿಕಿತ್ಸೆಯ ಪದ್ಧತಿಯೊಂದನ್ನು 'ತೆರೆದ ಮಾತುಕತೆ' ಎನ್ನುತ್ತಾರೆ. ಅಲ್ಲಿ ರೋಗಿಯ ಬಗ್ಗೆ ರೋಗಿ ಇಲ್ಲದ ಕಡೆ ಚರ್ಚೆ ಮಾಡುವುದಿಲ್ಲ. ವೈದ್ಯರು ತಮ್ಮೊಳಗೆ ಮಾತಾಡುವುದನ್ನೂ ಅವರ ಮುಂದೆಯೇ ಮಾತಾಡುತ್ತಾರೆ. ಮನಸ್ಸು ಪೂರ್ತಿ ಕದಡಿರುವವರ ಮುಂದೆಯೇ ಇದು ಸಾಧ್ಯವಾದರೆ, ಹೊಟ್ಟೆನೋವು ಎಂದು ಬಂದ ನನ್ನ ಮುಂದೆ ಯಾಕೆ ಸಾಧ್ಯವಿಲ್ಲ?

ಆಸ್ಪತ್ರೆ ನಡೆಸುವವರಿಗೆ ನನ್ನ ಕೋರಿಕೆ ಬೇರೆ. ಇಂಗ್ಲೆಂಡ್‌ನಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಅವರ ಮಾಮೂಲಿ ವೈದ್ಯರ ಬಳಿಯೇ ವರ್ಷಕ್ಕೊಮ್ಮೆ ದೇಹದ ತಪಾಸಣೆಗೆ ಕರೆಯುವ ಕ್ರಮವಿದೆ. ಎಲ್ಲರನ್ನೂ ಅದು ತಲುಪುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಕರೆಯುವುದು ಆಸ್ಪತ್ರೆಯ ಕೆಲಸ ಎಂದು ಅಲ್ಲಿ ಒಪ್ಪಿಕೊಂಡಿದ್ದಾರೆ. ನೀವೂ ಕರೆಯಿರಿ. ಹಿಂದಿನ ದಿನ ಒಂದು ಫೋನ್ ಮಾಡಿಸಿ. ಕಾಯಲಾಗದವರಿಗೆ ಕೂರಲು ಒಂದು ಮೂಲೆ ಕೊಡಿ, ಇಲ್ಲವೇ ಸರದಿ ಬಂದಾಗ ಹೊರಗಿನಿಂದ ಕರೆಯಿರಿ. ಎರಡು ರೋಗಿಗಳ ಸಮಯವನ್ನು ನಮ್ಮಲ್ಲಿ ಒಬ್ಬರಿಗೆ ಕೊಡಿ. ನಮ್ಮದೇ ಕಾಯಿಲೆ ದಾಟಿ ಬಂದ ಒಬ್ಬರನ್ನು ಸಂಬಳ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುವುದು ಹೇಗೆಂದು ಅವರಿಗೆ ಗೊತ್ತಿರುತ್ತದೆ.

ಹಣ ಇಲ್ಲ ಎನ್ನುತ್ತೀರಿ. ಜಗತ್ತಿನ ಸರ್ಕಾರಗಳು ತಮ್ಮ ಆರೋಗ್ಯದ ಹಣದಲ್ಲಿ ಸುಮಾರು 2%ನಷ್ಟನ್ನು ಮಾತ್ರ ಮಾನಸಿಕ ಆರೋಗ್ಯಕ್ಕೆ ಕೊಡುತ್ತವೆ, ಅದು ನನಗೆ ಗೊತ್ತು. ಸೈಕೋಸಿಸ್, ಅಂದರೆ ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಂಬುವ ಸ್ಥಿತಿ ಇರುವವರಲ್ಲಿ ಸುಮಾರು 29% ಜನಕ್ಕೆ ಮಾತ್ರ ಮಾನಸಿಕ ಚಿಕಿತ್ಸೆ ಸಿಗುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದನ್ನು ಸರಿಪಡಿಸಲು ದೊಡ್ಡ ಹಣವೇ ಬೇಕು. ಅದಕ್ಕಾಗಿ ಬೇರೆ ಕಡೆ ಕೂಗುತ್ತೇವೆ. ಆದರೆ ನನ್ನ ಹೊಟ್ಟೆ ಮುಟ್ಟಿ ನೋಡಲು ಯಾವ ಬಜೆಟ್ ಬೇಕಿತ್ತು?

ಮುಂದಿನ ತಿಂಗಳು ನಾನು ಹಲ್ಲು ತೆಗೆಸಬೇಕು. ಹೊಸ ಕ್ಲಿನಿಕ್. ಹಲ್ಲು ತೆಗೆದ ಮೇಲೆ ನೋವಿನ ಮಾತ್ರೆ ಕೊಡುತ್ತಾರೆ, ಆದ್ದರಿಂದ ಈ ಸಲ ಮುಚ್ಚಿಡುವ ಹಾಗಿಲ್ಲ. ಆ ಸಾಲಿನಲ್ಲಿ ಲಿಥಿಯಂ ಎಂದು ಬರೆಯುತ್ತೇನೆ. ಫಾರಂ ಕೊಟ್ಟು ಕುರ್ಚಿಯಲ್ಲಿ ಕೂರುತ್ತೇನೆ. ನೀವು ಅದನ್ನು ಓದುವಾಗ ನಾನು ನಿಮ್ಮ ಮುಖ ನೋಡುತ್ತಿರುತ್ತೇನೆ. ಓದಿದ ಮೇಲೆ ನೀವು ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಹಲ್ಲು ಎಂಬುದು.

ಇಂತಿ,
19 ವರ್ಷಗಳಿಂದ ಲಿಥಿಯಂ ತೆಗೆದುಕೊಳ್ಳುತ್ತಿರುವ ನಿಮ್ಮ ಒಬ್ಬ ರೋಗಿ